ಬದನೆಕಾಯಿಯೋ, ಪೆನಿಸಿಲಿನ್ನೋ

ಹನ್ನೊಂದನೆಯ ವಯಸ್ಸಿನಿಂದ ನನ್ನ ತಿಂಗಳಿಗೆ ಇಪ್ಪತ್ತೊಂದೇ ದಿನ. ಮೂರು ವಾರಕ್ಕೊಂದು ಮಂಗಳವಾರ ಸೊಂಟಕ್ಕೆ ಪೆನಿಸಿಲಿನ್ ಇಂಜೆಕ್ಷನ್. ಎಡಗಡೆಯೋ ಬಲಗಡೆಯೋ, ಎಷ್ಟು ಹೊತ್ತು ಕುಂಟಿದೆ, ಎಲ್ಲವನ್ನೂ ಡೈರಿಯಲ್ಲಿ ಬರೆದಿಡುತ್ತೇನೆ. ಈಗ ನನಗೆ ಇಪ್ಪತ್ತೆರಡು. ಅತ್ತೆಯ ಮಗಳ ಮದುವೆಗೆಂದು ದಿಲ್ಲಿಗೆ ಹೋದವರೆಲ್ಲ ಹಾಗೇ ಉತ್ತರದ ಕಡೆ ತಿಂಗಳುಗಟ್ಟಲೆ ಸುತ್ತಿ ಬಂದರು. ನಾನು ಮದುವೆಯ ಊಟ ಮುಗಿಸಿ ಮರುದಿನವೇ ರೈಲು ಹತ್ತಿದೆ. ಸೋಮವಾರ ರಾತ್ರಿಯೊಳಗೆ ಮೈಸೂರಿನಲ್ಲಿರಬೇಕಿತ್ತು.

ಇದೆಲ್ಲ ಶುರುವಾದದ್ದು ಒಂದು ಗಂಟಲುನೋವಿನಿಂದ. ಅದು ವಾಸಿಯಾಗಿ ಎರಡು ವಾರಕ್ಕೆ ಮಂಡಿ ಊದಿತು. ಮಂಡಿ ಇಳಿಯುವಷ್ಟರಲ್ಲಿ ಕಣಕಾಲು, ಆಮೇಲೆ ಮಣಿಕಟ್ಟು. ಚಾಮರಾಜಪುರಂನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಕ್ಲಿನಿಕ್ ಇಟ್ಟಿರುವ ಡಾಕ್ಟರು ನನ್ನ ಎದೆಯ ಮೇಲಿಟ್ಟ ಸ್ಟೆತಾಸ್ಕೋಪನ್ನು ಬಹಳ ಹೊತ್ತು ತೆಗೆಯಲೇ ಇಲ್ಲ. ಹೃದಯದ ಒಂದು ಕವಾಟಕ್ಕೆ ಪೆಟ್ಟು ಬಿದ್ದಿತ್ತು. ಗಂಟಲಿಗೆ ಬಂದ ರೋಗಾಣುವಿನ ಮೈಮೇಲಿನ ಪ್ರೋಟೀನು ನಮ್ಮ ಕವಾಟದ ಪ್ರೋಟೀನನ್ನು ಹೋಲುತ್ತದಂತೆ; ಮೈಯ ರೋಗನಿರೋಧಕ ಶಕ್ತಿಗೆ ಎರಡರ ವ್ಯತ್ಯಾಸ ತಿಳಿಯಲಿಲ್ಲ.

"ಕಳ್ಳನೂ ನಿಮ್ಮಪ್ಪನೂ ಒಂದೇ ಬಣ್ಣದ ಶರಟು ಹಾಕಿದ್ರು ಅಂದ್ಕೊ ಪುಟ್ಟಿ," ಎಂದಿದ್ದರು ಡಾಕ್ಟರು. "ನಿಮ್ಮನೆ ನಾಯಿ ಇಬ್ರನ್ನೂ ಕಚ್ಬುಡ್ತು. ಇನ್ನೊಂದ್ಸಲ ಕಳ್ಳ ಬರದ ಹಾಗೆ ನೋಡ್ಕೋಬೇಕು, ಅಷ್ಟೇ."

"ಎಲ್ಲಿವರ್ಗೆ?" ಎಂದು ಕೇಳಿದೆ.

"ನಲವತ್ತರ ತನಕ ಅಂತ ಇಟ್ಕೊ."

ಆ ಸಂಜೆಯೇ ಕ್ಯಾಲೆಂಡರ್ ಹಿಡಿದು ಲೆಕ್ಕ ಹಾಕಲು ಕೂತವಳು, ಎಣಿಕೆ ನೂರು ದಾಟಿದಾಗ ನಿಲ್ಲಿಸಿದೆ.

ಈ ವರ್ಷ ಒಂದು ಇಂಜೆಕ್ಷನ್ ಆದ ಸಂಜೆ ಕುತ್ತಿಗೆ, ಹೊಟ್ಟೆಯ ಮೇಲೆಲ್ಲ ಕೆಂಪು ದದ್ದು ಎದ್ದು ತುರಿಸತೊಡಗಿತು. ಅಮ್ಮ ಕೊಬ್ಬರಿ ಎಣ್ಣೆ ಸವರುತ್ತ ತೀರ್ಪು ಕೊಟ್ಟೇಬಿಟ್ಟಳು. ಆವತ್ತು ಮಧ್ಯಾಹ್ನ ಈರನಗೆರೆ ಬದನೆಕಾಯಿಯ ಎಣ್ಣೆಗಾಯಿ ಮಾಡಿದ್ದಳು.

"ಬದನೆಕಾಯಿ ನಂಜು ಕಣೇ. ಆರು ತಿಂದ್ಬುಟ್ಟಿದೀಯ, ತುರಿಸದೆ ಇನ್ನೇನಾಗುತ್ತೆ?"

"ಇಂಜೆಕ್ಷನ್‌ದಿರಬಹುದಲ್ಲಮ್ಮ?"

"ಇಷ್ಟು ವರ್ಷ ಇಲ್ದಿದ್ದು ಈಗೇನು ಬಂತು? ಡಾಕ್ಟ್ರ ಮುಂದೆ ಇದನ್ನೆಲ್ಲ ಬಾಯಿ ಬಿಡ್ಬೇಡ."

ನನಗೆ ಊಹೆಯ ಮೇಲೆ ಬದುಕಲು ಬರುವುದಿಲ್ಲ. ಎರಡು ಇಂಜೆಕ್ಷನ್‌ಗಳ ನಡುವಿನ ಒಂದು ಭಾನುವಾರ ಹಟ ಮಾಡಿ ಮತ್ತೆ ಎಣ್ಣೆಗಾಯಿ ಮಾಡಿಸಿದೆ. ಅದೇ ಅಂಗಡಿಯ ಕಾಯಿ, ಅದೇ ಮಸಾಲೆ, ಆರೇ ಕಾಯಿ. ಸಂಜೆಯವರೆಗೆ ಗಂಟೆಗೊಮ್ಮೆ ಕನ್ನಡಿ ನೋಡಿಕೊಂಡೆ. ಒಂದು ದದ್ದೂ ಇಲ್ಲ. ಅಮ್ಮನಿಗೆ ಹೇಳಿದೆ.

"ಆವತ್ತಿನದು ಬಲಿತ ಕಾಯಿ, ಬೀಜ ಜಾಸ್ತಿ ಇತ್ತು," ಎಂದಳು. "ಇದು ಎಳೇದು."

ಅವಳು ಹಟಮಾರಿಯಲ್ಲ. ಹನ್ನೊಂದರಲ್ಲಿ ನಾನು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದುದನ್ನು ನೋಡಿದವಳು. ಇಂಜೆಕ್ಷನ್ ನಿಂತರೆ ಕವಾಟ ಕೆಡುತ್ತದೆ, ಎದೆ ಕೊಯ್ಯಬೇಕಾಗುತ್ತದೆ: ಅವಳ ಭಯ ಇಷ್ಟೇ, ಅದರಲ್ಲಿ ಸುಳ್ಳೂ ಇರಲಿಲ್ಲ.

ಮುಂದಿನ ಮಂಗಳವಾರ ಇಲ್ಲೇ ಮೈಸೂರಿನ ಹೆಬ್ಬಾಳದ ಆಫೀಸಿಗೆ ಅರ್ಧ ದಿನ ರಜೆ ಹಾಕಿದೆ. ಬೆಳಿಗ್ಗೆ ಎರಡು ಸಲ ಸೀನಿದ್ದಕ್ಕೆ ಅಮ್ಮ ಕಾಫಿಯ ಜೊತೆ ಒಂದು ಬಿಳಿ ಮಾತ್ರೆ ಅಂಗೈಗಿಟ್ಟು, "ನೆಗಡಿಗೆ," ಎಂದಳು. ನುಂಗಿದೆ.

ಕ್ಲಿನಿಕ್‌ನಲ್ಲಿ ಅಮ್ಮ ಪಕ್ಕದಲ್ಲಿದ್ದರೂ ನಾನು ಬಾಯಿ ಬಿಟ್ಟೆ. ದದ್ದಿನ ವಿಷಯ, ಬದನೆಕಾಯಿಯ ಪ್ರಯೋಗ, ಎಲ್ಲ ಹೇಳಿದೆ. ಡಾಕ್ಟರು ನಗಲಿಲ್ಲ. ಪೆನಿಸಿಲಿನ್ನು ರೋಗಾಣುವಿನ ಗೋಡೆ ಕಟ್ಟುವ ಪ್ರೋಟೀನಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಹಾಗೇ ನಮ್ಮ ರಕ್ತದ ಪ್ರೋಟೀನಿಗೂ ಅಂಟಿಕೊಳ್ಳುತ್ತದೆ ಎಂದರು. ಬಹಳ ಮಂದಿಗೆ ಅದರಿಂದ ಏನೂ ಆಗುವುದಿಲ್ಲ.

"ಕೆಲವರಿಗೆ ಮಾತ್ರ, ಮನೆಯವರೇ ಹೆಲ್ಮೆಟ್ ಹಾಕ್ಕೊಂಡು ಬಂದ್ರೆ ನಾಯಿ ಬೊಗಳುತ್ತಲ್ಲ, ಹಾಗೆ. ಮೊದಲ ಸಲ ಬೊಗಳುತ್ತೆ. ಮುಂದಿನ ಸಲ ಮೇಲೆ ಬಿದ್ರೆ ಉಸಿರೇ ನಿಲ್ಲಬಹುದು."

ಮತ್ತೆ ಅದೇ ನಾಯಿ. ಅದನ್ನು ಕಟ್ಟಿಹಾಕುವ ಜಾಗ ನನ್ನ ಮೈಯಲ್ಲಿ ಎಲ್ಲೂ ಇರಲಿಲ್ಲ.

ಸಿಸ್ಟರ್ ಮುಂದೋಳಿನ ಚರ್ಮದೊಳಕ್ಕೆ ಒಂದು ಹನಿ ಔಷಧಿ ಚುಚ್ಚಿ, ಸುತ್ತ ಬಾಲ್‌ಪೆನ್ನಿನಿಂದ ವೃತ್ತ ಎಳೆದರು. ಇದು ಪ್ರತಿ ಸಲದ ಪದ್ಧತಿ; ಇಪ್ಪತ್ತು ನಿಮಿಷ ಕಾಯಬೇಕು. ವೃತ್ತದೊಳಗೆ ಊದಿಕೊಂಡರೆ ಇಂಜೆಕ್ಷನ್ ಇಲ್ಲ. ಈ ಸಲ ಒಂದು ಪ್ರಶ್ನೆಯನ್ನೂ ಸೇರಿಸಿದರು.

"ಅಲರ್ಜಿ ಮಾತ್ರೆ ಏನಾದ್ರೂ ತಗೊಂಡಿದೀರಾ?"

"ಇಲ್ಲ," ಎಂದೆ. ಪಕ್ಕದಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡಳು.

ಬೆಂಚಿನ ಮೇಲೆ ಕೂತು ವೃತ್ತವನ್ನೇ ನೋಡುತ್ತಿದ್ದೆ. ಏನಾಗಲಿ ಎಂದು ಬೇಡಿಕೊಳ್ಳುವುದು? ಕೆಂಪಾದರೆ ನನ್ನ ಕವಾಟವನ್ನು ಕಾಯುತ್ತಿದ್ದ ಔಷಧಿಯೇ ಕೈಬಿಟ್ಟಂತೆ. ಆಗದಿದ್ದರೆ ಇನ್ನೂ ಹದಿನೆಂಟು ವರ್ಷದ ಮಂಗಳವಾರಗಳು. ಗೋಡೆಯ ಫ್ಯಾನು ನನ್ನ ಕಡೆ ತಿರುಗಿದಾಗಲೆಲ್ಲ ತೋಳು ತುರಿಸಿದಂತಾಗುತ್ತಿತ್ತು.

ಇಪ್ಪತ್ತು ನಿಮಿಷ ಮುಗಿಯಿತು. ಚುಚ್ಚಿದ ಗುರುತು ಬಿಟ್ಟು ವೃತ್ತದೊಳಗೆ ಏನೂ ಇರಲಿಲ್ಲ.

"ನೋಡಿ ಸಿಸ್ಟರ್, ಏನೂ ಇಲ್ಲ. ನಾನು ಹೇಳ್ಳಿಲ್ವಾ?" ಎಂದಳು ಅಮ್ಮ. ಅವಳ ದನಿ ಯಾಕೋ ತುಂಬ ಜೋರಾಗಿತ್ತು.

ಒಳಗಿನ ಮಂಚದ ಮೇಲೆ ಬೋರಲು ಮಲಗಿದೆ. ಸಿಸ್ಟರ್ ಸಿರಿಂಜಿಗೆ ಆ ಗಟ್ಟಿ ಬಿಳಿ ದ್ರವ ಎಳೆದುಕೊಂಡರು. ಸ್ಪಿರಿಟ್ ಹತ್ತಿ ಸೊಂಟಕ್ಕೆ ತಣ್ಣಗೆ ತಾಗಿತು. ಆಗ ಅಮ್ಮ ಅವರ ಕೈ ಹಿಡಿದುಕೊಂಡಳು.

"ತಡೀರಿ ಸಿಸ್ಟರ್. ಬೆಳಿಗ್ಗೆ ಕೊಟ್ಟಿದ್ದು ನೆಗಡಿ ಮಾತ್ರೆ ಅಲ್ಲ. ತುರಿಕೆದು."

ಸಿಸ್ಟರ್ ಸೂಜಿಗೆ ಮುಚ್ಚಳ ಹಾಕಿ ಡಾಕ್ಟರನ್ನು ಕರೆದರು.

"ಅಲ್ಲಮ್ಮ, ಆ ಮಾತ್ರೆ ಕೊಟ್ರೆ ಅಲರ್ಜಿ ಇದ್ರೂ ಊದೋದಿಲ್ಲ. ಚರ್ಮದ ಬಾಯಿ ಮುಚ್ಚಿಸ್ಬುಟ್ಟು ಅದನ್ನೇ ಸಾಕ್ಷಿ ಕೇಳಿದ್ರೆ ಹೇಗೆ?" ಡಾಕ್ಟರು ಕೂಗಾಡಲಿಲ್ಲ; ಕನ್ನಡಕ ತೆಗೆದು ಒರೆಸಿದರು. "ಮಗಳು ಹೋಗ್ಬುಡ್ತಿದ್ಲು."

"ನೀವು ಇಂಜೆಕ್ಷನ್ ನಿಲ್ಲಿಸ್ಬುಟ್ರೆ ಅಂತ ಹೆದರ್ಕೊಂಡೆ ಡಾಕ್ಟ್ರೇ."

ನಾನು ಮಲಗಿದ್ದ ಹಾಗೆಯೇ ಅವಳ ಕಾಲುಗಳನ್ನಷ್ಟೇ ನೋಡಿದೆ. ಒಂದು ಪಾದದ ಮೇಲೆ ಇನ್ನೊಂದನ್ನು ಇಟ್ಟು, ಬೈಸಿಕೊಳ್ಳುವ ಹುಡುಗಿಯ ಹಾಗೆ ನಿಂತಿದ್ದಳು.

ತುರಿಕೆ ಮಾತ್ರೆಯ ಪ್ರಭಾವ ಇಳಿಯಲೆಂದು ಒಂದು ವಾರ ಬಿಟ್ಟು ಬರಲು ಹೇಳಿದರು. ಅಲ್ಲಿಯವರೆಗೆ ಬೇರೆ ಜಾತಿಯ ಆ್ಯಂಟಿಬಯೋಟಿಕ್ ಮಾತ್ರೆ. ಆ ಏಳು ದಿನ ಎಂಜಲು ನುಂಗಿದಾಗಲೆಲ್ಲ ಗಂಟಲು ನೋಯುತ್ತಿದೆಯೇ ಎಂದು ಪರೀಕ್ಷಿಸಿಕೊಂಡೆ. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಇಳಿದುಬಿಡೋಣ ಎನ್ನಿಸುತ್ತಿತ್ತು. ಇಳಿದರೂ ಮುಂದಿನ ಬಸ್ಸಿನಲ್ಲೂ ಕೆಮ್ಮುವವರು ಇರುತ್ತಾರೆ.

ಎರಡನೆಯ ಸಲ ಹತ್ತು ನಿಮಿಷ ಕಾಯುವಷ್ಟರಲ್ಲೇ ವೃತ್ತದೊಳಗೆ ಊದಿ ಗೆರೆ ದಾಟಿತು. ಅಮ್ಮ ಅದನ್ನು ನೋಡಿ ಮುಖ ಕಿಟಕಿಯ ಕಡೆ ತಿರುಗಿಸಿದಳು.

ಇಂಜೆಕ್ಷನ್ ಹೋಯಿತು. ಈಗ ಅದೇ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು, ನಲವತ್ತರ ತನಕ. ಇದು ರೋಗಾಣುವಿನ ಗೋಡೆಗೆ ಹೋಗದೆ, ಅದು ಪ್ರೋಟೀನು ತಯಾರಿಸುವ ಯಂತ್ರಕ್ಕೇ ಅಡ್ಡಗಾಲು ಹಾಕುತ್ತದಂತೆ. ಜೊತೆಗೆ ನಮ್ಮ ಲಿವರ್‌ನಲ್ಲಿ ಬೇರೆ ಔಷಧಿಗಳನ್ನು ಒಡೆದುಹಾಕುವ ಒಂದು ಪ್ರೋಟೀನನ್ನೂ ತಡೆದು ನಿಲ್ಲಿಸುತ್ತದೆ. ಆಗ ಆ ಔಷಧಿಗಳು ಕರಗದೆ ರಕ್ತದಲ್ಲೇ ಹೆಚ್ಚುತ್ತ ಹೋಗುತ್ತವೆ. "ಇನ್ಮೇಲೆ ಯಾವ ಮಾತ್ರೆನೂ ನನ್ನ ಕೇಳ್ದೆ ತಗೋಬೇಡ," ಎಂದರು ಡಾಕ್ಟರು. ಮೂರು ವಾರ ಉದ್ದದ ಹಗ್ಗ ಹನ್ನೆರಡು ಗಂಟೆಗೆ ಗಿಡ್ಡವಾಯಿತು. ಬೆಳಗಿನ ಮಾತ್ರೆಗೆ ಅರ್ಧ ದಿನ ಹೊಟ್ಟೆ ತೊಳಸುತ್ತದೆ.

ಮೊನ್ನೆ ಮತ್ತೆ ನೆಗಡಿಯಾಯಿತು. ಅಮ್ಮ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು, ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದಳು. ಕೊಡಬಹುದು ಎಂದರಂತೆ. ಆದರೂ ಬಿಡಿಸಿ ಕೈಗಿಡಲಿಲ್ಲ. ಇಡೀ ಹಾಳೆಯನ್ನೇ ಮೇಜಿನ ಮೇಲೆ ನನ್ನ ಕಡೆ ಸರಿಸಿದಳು.

"ನೀನೇ ಓದ್ಕೊಂಡು ತಗೋ."

ಓದಿದೆ. ಅವಳು ನೋಡುತ್ತಿದ್ದಳೆಂದು ಇನ್ನೊಂದು ಸಲ, ಗಟ್ಟಿಯಾಗಿ ಓದಿದೆ.