ಕಾಕುವಿನ ಬೆಕ್ಕು ವಿಮಾನ ಹತ್ತಿದ್ದು

ಅಟ್ಟದ ಮೇಲಿಂದ ಆ ಚೀಲವನ್ನು ಇಳಿಸಿ ಜಿಪ್ ಎಳೆದೆ. ಮೊದಲು ತುಪ್ಪದ ದೀಪದ ಕಮಟು ಬಂತು, ಹಿಂದೆಯೇ ಹುರಿದ ಅಗಸಿಯ ಘಮ. ಇಷ್ಟು ವರ್ಷದ ಮೇಲೆ ವಾಸನೆ ಎಲ್ಲಿ ಉಳಿದಿರುತ್ತದೆ ಎಂದು ನಮ್ಮ ಯಜಮಾನರು ನಕ್ಕರು. ಹಗಲೆಲ್ಲ ತಂಬಾಕಿನ ವಖಾರಿಯಲ್ಲಿ ಕೂತು ಬರುವ ಮೂಗಿಗೆ ಬೇರೆ ವಾಸನೆ ಹತ್ತುವುದಾದರೂ ಹೇಗೆ! ನನಗಂತೂ ಬಂತು. ಚೀಲದ ಜಾಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಬೂದು ಕೂದಲು ಕಂಡ ಮೇಲೆ ಏಣಿಯ ಬುಡದಲ್ಲೇ ಕುಳಿತುಬಿಟ್ಟೆ.

ಚೀಲ ಬೇಕಾಗಿದ್ದು ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರಿಗೆ. ಗಂಡನಿಗೆ ಜೈಪುರಕ್ಕೆ ವರ್ಗವಾಗಿದೆ, ಮನೆಯಲ್ಲೊಂದು ಬೆಕ್ಕಿದೆ. ಅದನ್ನು ವಿಮಾನದಲ್ಲಿ ತನ್ನ ಜೊತೆಗೇ ಇಟ್ಟುಕೊಂಡು ಹೋಗಲು ಏನೇನು ಮಾಡಬೇಕೆಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಿದ್ದಳು. ಉಳಿದವರು ನಕ್ಕರು. ನಾನು ನಗಲಿಲ್ಲ. ನಿಪ್ಪಾಣಿಯಲ್ಲಿ ಆ ವಿದ್ಯೆ ಬಲ್ಲವಳು ಬಹುಶಃ ನಾನೊಬ್ಬಳೇ, ಅದೂ ಕಾಕುವಿನ ದೆಸೆಯಿಂದ...

ಕಾಕು ಅಂದರೆ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು. ನಾನು ಅಕ್ಕೋಳದಿಂದ ಸೊಸೆಯಾಗಿ ಈ ಓಣಿಗೆ ಬಂದಾಗ ಮೊದಲ ದಿನವೇ ಒಂದು ಬಟ್ಟಲು ಅಗಸಿ ಚಟ್ನಿ ತಂದುಕೊಟ್ಟವರು. ಜೈನರ ಮನೆಯ ಹೆಣ್ಣುಮಗಳು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಚಟ್ನಿಪುಡಿ, ಹಪ್ಪಳ, ಶ್ಯಾವಿಗೆ ಮಾಡಿ ಮಾರುತ್ತಾ ಯಾರ ಹಂಗಿಗೂ ಬೀಳದೆ ಬದುಕಿದವರು. ಅವರ ಚಟ್ನಿಯಲ್ಲಿ ಬೆಳ್ಳುಳ್ಳಿ ಇರುತ್ತಿರಲಿಲ್ಲ. ಆದರೂ ಬೆಳ್ಳುಳ್ಳಿಯಿಲ್ಲದೆ ತುತ್ತೆತ್ತದ ನಮ್ಮಂಥವರೇ ಸಾಲುಗಟ್ಟಿ ಕೊಳ್ಳುತ್ತಿದ್ದೆವು. ನೀರು ಸೋಸಿಯೇ ಕುಡಿಯಬೇಕು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕಬಾರದು. ಇಂಥ ನೇಮಗಳನ್ನು ಅವರು ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ.

ಅವರ ಬಳಿ ಒಂದು ಬೂದುಬಣ್ಣದ ಬೆಕ್ಕಿತ್ತು. ಮರಿಯಿದ್ದಾಗ ಕಬ್ಬಿನ ಟ್ರೇಲರಿನ ಗಾಲಿಗೆ ಸಿಕ್ಕು ಹಿಂಗಾಲೊಂದು ಜಜ್ಜಿಹೋಗಿ, ಡಾಕ್ಟರು ಆ ಕಾಲನ್ನೇ ತೆಗೆದಿದ್ದರು. ಕಾಕು ಬೆರಳಿಗೆ ಹಾಲು ಅದ್ದಿ ನೆಕ್ಕಿಸಿ ಬದುಕಿಸಿದ್ದರು. ಹಾಗಾಗಿ ಅದಕ್ಕೊಂದು ಚಟ ಅಂಟಿಕೊಂಡಿತ್ತು. ಅವರ ಕೈಯಿಂದಲ್ಲದೆ ಬೇರೆ ಯಾರು ಕೊಟ್ಟರೂ ತಿನ್ನುತ್ತಿರಲಿಲ್ಲ. ಕೊರಳಿಗೆ ಹಗ್ಗವಿಲ್ಲ, ಗಂಟೆಯಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಗಾದೆ ಹೇಳಿದರೆ, ಯಾಕೆ ಕಟ್ಟಬೇಕು ಎಂದು ಕೇಳುವವರು ಕಾಕು. ಚಲೋ ಸಾಕಿದ್ದೀರಿ ಎಂದು ನಾನೊಮ್ಮೆ ಹೊಗಳಿದ್ದಕ್ಕೂ ಅವರು ಒಪ್ಪಲಿಲ್ಲ.

"ಸಾಕಿಲ್ಲ ಯವ್ವಾ. ಸಂಗಾಟ ಇರತೇವಿ, ಅಷ್ಟ."

ಅದು ಎಲ್ಲಾದರೂ ಇಲಿ ಹಿಡಿದು ತಂದರೆ ಬೆಕ್ಕನ್ನು ಬೈಯುತ್ತಿರಲಿಲ್ಲ. ಇಲಿಯ ಬಳಿ ಬಗ್ಗಿ ಕೂತು ಅದರ ಕಿವಿಯ ಹತ್ತಿರ, ಜೈನರು ಸಾಯುವ ಜೀವಕ್ಕೆ ಹೇಳುವ ಣಮೋಕಾರ ಮಂತ್ರ ಹೇಳುತ್ತಿದ್ದರು. ನಾನು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದೆ. ಅವರು ತಮ್ಮ ಪಾಡಿಗೆ ಹೇಳಿ ಮುಗಿಸುತ್ತಿದ್ದರು.

ಒಂದು ಸಲ ಬಸದಿಯವರ ಸಂಗಡ ಶ್ರವಣಬೆಳಗೊಳಕ್ಕೆ ಹೋಗಿದ್ದರು. ಬೆಕ್ಕಿನ ಜವಾಬ್ದಾರಿ ನನ್ನದಾಗಿತ್ತು. ಹಾಲಿಟ್ಟೆ, ರೊಟ್ಟಿಗೆ ತುಪ್ಪ ಸವರಿಟ್ಟೆ, ಮುದ್ದು ಮಾಡಿದೆ, ಬೈದೆ. ಅದು ಮೂಸಿಯೂ ನೋಡಲಿಲ್ಲ. ಕಾಕು ಬರುವ ಹೊತ್ತಿಗೆ ಅದರ ಬೆನ್ನೆಲುಬು ಎಣಿಸುವಂತಾಗಿತ್ತು. ಅಂದಿನಿಂದ ಅವರು ಒಂದು ರಾತ್ರಿಯೂ ಊರು ಬಿಡಲಿಲ್ಲ.

ಹಾಗಿರುವಾಗ ದೆಹಲಿಯಿಂದ ಫೋನು ಬಂತು. ಅವರ ಒಬ್ಬಳೇ ತಂಗಿಗೆ ಪಾರ್ಶ್ವವಾಯು ಬಡಿದಿತ್ತು. ಕಾಕುವಿನಂತೆಯೇ ಒಂಟಿ ಜೀವ. ಕೆಲಸದವಳು ಬೆಳಗ್ಗೆ ಬಂದು ಸಂಜೆಗೆ ಹೋಗುತ್ತಾಳೆ, ಅಕ್ಕಾ ನೀನು ಬಾ ಎಂದು ಅತ್ತಳಂತೆ. ಹೋಗುವುದೆಂದು ಕಾಕು ಅಂದೇ ನಿರ್ಧರಿಸಿದರು. ಬೆಕ್ಕಿನ ಮಾತೊಂದೇ ಉಳಿಯಿತು. ರೈಲಿನಲ್ಲಿ ಸಾಮಾನ್ಯ ಡಬ್ಬಿಯೊಳಗೆ ಬಿಡುವುದಿಲ್ಲ, ಗಾರ್ಡಿನ ಡಬ್ಬಿಗೆ ಹಾಕಬೇಕು. ಅಷ್ಟು ದೂರ ಅದೊಂದನ್ನೇ ಕಳಿಸುವುದು ಸಾಧ್ಯವಿರಲಿಲ್ಲ. ಬೆಳಗಾವಿಯಿಂದ ನಮಗೆ ಬೇಕಾದಂತೆ ವಿಮಾನ ಸಿಗಲಿಲ್ಲ. ಪುಣೆಯಿಂದ ಹೋಗುವ ಒಂದರಲ್ಲಿ ಸಣ್ಣ ಪ್ರಾಣಿಯನ್ನು ಕಾಲ ಬಳಿ ಇಟ್ಟುಕೊಳ್ಳಲು ಬಿಡುತ್ತಾರೆ ಎಂದು ನಾನೇ ಫೋನು ಮಾಡಿ ತಿಳಿದುಕೊಂಡೆ.

ಖುಷಿಯಿಂದ ಹೋಗಿ ನಿಯಮಗಳನ್ನು ಓದಿ ಹೇಳಿದೆ. ಗಾಳಿಯಾಡುವ ಚೀಲ ಬೇಕು, ವಿಮಾನ ಹತ್ತಿದ ಮೇಲೆ ಇಳಿಯುವ ತನಕ ಅದರ ಜಿಪ್ ತೆರೆಯುವಂತಿಲ್ಲ. ಚೀಲವೂ ಬೆಕ್ಕೂ ಸೇರಿ ಇಂತಿಷ್ಟೇ ತೂಕವಿರಬೇಕು. ಚುಚ್ಚುಮದ್ದಿನ ಪುಸ್ತಕ ಮತ್ತು ದನದ ಡಾಕ್ಟರ ಸರ್ಟಿಫಿಕೇಟು ಬೇಕು. ಒಂದು ವಿಮಾನಕ್ಕೆ ಒಂದೆರಡು ಪ್ರಾಣಿಗಷ್ಟೇ ಜಾಗ, ಆದ್ದರಿಂದ ಮೊದಲೇ ತಿಳಿಸಬೇಕು. ಹೊರಡುವ ದಿನ ಹೊಟ್ಟೆ ಖಾಲಿಯಿರಬೇಕು, ಇಲ್ಲವಾದರೆ ವಾಂತಿ ಮಾಡಿಕೊಳ್ಳುತ್ತದೆ. ಕಾಕು ಕೇಳುತ್ತಾ ಕೇಳುತ್ತಾ ಸಪ್ಪಗಾದರು. ಯಾಕೆಂದು ನನಗೆ ಹೊಳೆಯಲಿಲ್ಲ.

ಆಮೇಲೆ ಅವರೇ ಹೇಳಿದರು. ಯಾವ ಜೀವಕ್ಕೂ ನೋವು ಮಾಡುವುದಿಲ್ಲ ಎಂದು ವ್ರತ ಹಿಡಿದವರು ಐದು ದೋಷಗಳಿಂದ ದೂರವಿರಬೇಕಂತೆ. ಪ್ರಾಣಿಯನ್ನು ಕಟ್ಟಿಹಾಕಬಾರದು, ಹೊಡೆಯಬಾರದು, ಅಂಗ ಕತ್ತರಿಸಬಾರದು, ಮಿತಿಮೀರಿ ಹೊರೆ ಹೇರಬಾರದು, ಅನ್ನ ನೀರು ತಡೆಯಬಾರದು. ಕಾಕು ಬೆರಳು ಮಡಿಚುತ್ತಾ ಹೇಳುವಾಗ ನನ್ನ ಖುಷಿ ಇಳಿಯಿತು. ವಿಮಾನದವರು ಕೇಳುತ್ತಿದ್ದದ್ದೇ ಮೊದಲನೆಯದು ಮತ್ತು ಕೊನೆಯದು.

"ಚೀಲದಾಗ ಮುಚ್ಚಿ, ಉಪವಾಸ ಕೆಡವಿ ಒಯ್ಯಬೇಕು. ಬಿಟ್ಟ ಹೋದ್ರ ಅದು ಉಣ್ಣೂದ ಬಿಟ್ಟ ಸಾಯತೈತಿ," ಎಂದರು. "ಅಲ್ಲಿ ತಂಗಿ ಹಾಸಿಗಿ ಹಿಡದಾಳ. ನಾ ಏನ ಮಾಡ್ಲಿ ಹೇಳು?"

ಅತ್ತ ದರಿ, ಇತ್ತ ಪುಲಿ. ಬೇರೆ ಯಾರಾದರೂ ಆಗಿದ್ದರೆ, ಬೆಕ್ಕಿಗಾಗಿ ಇಷ್ಟೊಂದು ಯಾಕೆ ಎಂದು ನಾನೇ ಗದರುತ್ತಿದ್ದೆ. ಕಾಕುವಿನ ಮುಖ ನೋಡಿ, ಬಿಟ್ಟು ಹೋಗುವುದಕ್ಕಿಂತ ಒಯ್ಯುವುದೇ ಮೇಲು ಎಂದೆ.

ಮೊದಲು ತಂದದ್ದು ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ. ಬೆಕ್ಕನ್ನು ಅದರೊಳಗೆ ಹಾಕಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟಾಗ ತೂಕ ಮಿತಿ ದಾಟಿತು. ದಿನವೂ ತುಪ್ಪ ತಿಂದ ಬೆಕ್ಕು, ದಾಟದೆ ಏನು ಮಾಡೀತು? ಕೆಲವು ದಿನ ತುಪ್ಪ ಕಡಿಮೆ ಮಾಡಿ ಎಂದೆ. ಅದೂ ಅನ್ನ ತಡೆದ ಹಾಗೆಯೇ ಆಯಿತಲ್ಲ ಎಂದರು. ತಾನು ಕಡ್ಡಿಯಂತಿದ್ದೇನೆ, ಪಕ್ಕದ ಸೀಟಿನಲ್ಲಿ ತನ್ನಂಥ ಇಬ್ಬರನ್ನು ಸೇರಿಸಿದಷ್ಟು ದಪ್ಪದವರು ಕೂತಿರುತ್ತಾರೆ, ಅವರನ್ನು ಯಾಕೆ ತೂಗುವುದಿಲ್ಲ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಕೊನೆಗೆ ಡಬ್ಬಿ ವಾಪಸು ಕೊಟ್ಟು ಹಗುರವಾದ ಈ ಬಟ್ಟೆಯ ಚೀಲ ತರಿಸಿದೆವು. ತೂಕ ಸರಿಹೋಯಿತು.

ಸರಕಾರಿ ದವಾಖಾನೆಯ ಡಾಕ್ಟರು ಎಮ್ಮೆ ಆಕಳುಗಳ ನಡುವೆ ನಮ್ಮನ್ನು ನೋಡಿ, ವಿಮಾನಕ್ಕೆ ಹೊರಟ ಬೆಕ್ಕನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದು ನಕ್ಕರು. ಮಾಲಕರ ಹೆಸರು ಕೇಳಿದಾಗ ಕಾಕು ಬೆಕ್ಕಿನ ಮುಖ ನೋಡಿದರು. ನಾನೇ ಮುಂದೆ ಬಂದು ಅವರ ಹೆಸರು ಹೇಳಿದೆ. ಹೊರಗೆ ಬಂದ ಮೇಲೆ, ಅದಕ್ಕೆ ನಾನೆಲ್ಲಿಯ ಮಾಲಕಳು, ಸುಳ್ಳು ಬರೆಸಿದಿ ನೋಡು ಎಂದು ಮುನಿಸಿಕೊಂಡರು.

ಚೀಲದ ಪಾಠ ಶುರುವಾಯಿತು. ಬೆಕ್ಕನ್ನು ಹಿಡಿದು ಒಳಗೆ ತುರುಕಿ ಜಿಪ್ ಎಳೆದರೆ ಮುಗಿಯಿತು ಎಂಬುದು ನನ್ನ ಲೆಕ್ಕ. ಕಾಕು ಚೀಲವನ್ನು ಪಡಸಾಲೆಯ ನಡುವೆ ಬಾಯಿ ತೆರೆದಿಟ್ಟರು. ತಾನಾಗಿ ಹೋದರೆ ಅದು ಕಟ್ಟಿಹಾಕಿದ ಹಾಗಲ್ಲ ಎಂಬುದು ಅವರು ಹುಡುಕಿಕೊಂಡ ದಾರಿ. ಬೆಕ್ಕು ಚೀಲದ ಮೇಲೆ ಮಲಗಿತು, ಪಕ್ಕದಲ್ಲಿ ಮಲಗಿತು, ಹಪ್ಪಳದ ಬುಟ್ಟಿಯೊಳಗೂ ಮಲಗಿತು. ಚೀಲದೊಳಗೆ ಮಾತ್ರ ಕಾಲಿಡಲಿಲ್ಲ. ಸಂಜೆಯಾದರೆ ತಂಗಿಯ ಫೋನು. ಇನ್ನೆರಡು ದಿನ, ಇನ್ನೆರಡು ದಿನ ಎಂದು ಕಾಕು ಸಮಾಧಾನ ಹೇಳುತ್ತಿದ್ದರು. ಫೋನಿಟ್ಟ ಮೇಲೆ ಚೀಲದ ಪಕ್ಕ ನೆಲದ ಮೇಲೆ ಕೂರುತ್ತಿದ್ದರು. ಅವರನ್ನು ಹಾಗೆ ನೋಡಿ ನನಗೆ ಬೆಕ್ಕಿನ ಮೇಲೆ ಸಿಟ್ಟು ಬರುತ್ತಿತ್ತು.

ಒಂದು ಮಧ್ಯಾಹ್ನ ಅವರು ಗೋಡೆಯಾಚೆಯಿಂದ ಮೆಲ್ಲಗೆ ಕರೆದರು. ಹೋಗಿ ನೋಡಿದರೆ, ಹಳೆಯ ಇಳಕಲ್ ಸೀರೆಯನ್ನು ಹರಿದು ಚೀಲದೊಳಗೆ ಹಾಸಿದ್ದಾರೆ. ಅದರ ಮೇಲೆ ಬೆಕ್ಕು ಸುರುಳಿಯಾಗಿ ನಿದ್ದೆ ಮಾಡುತ್ತಿದೆ. ಕಾಕುವಿನ ಕಣ್ಣು ತುಂಬಿದ್ದವು. ಅಂದಿನಿಂದ ಜಿಪ್ಪನ್ನು ದಿನವೂ ಇಷ್ಟಿಷ್ಟೇ ಎಳೆದು ರೂಢಿ ಮಾಡಿಸಿದರು.

ಹೊರಡುವ ದಿನ ಬೆಳಗ್ಗೆ ನಾನು ಉಪ್ಪಿಟ್ಟು ಮಾಡಿ ಒಯ್ದೆ. ಕಾಕು ಮುಟ್ಟಲಿಲ್ಲ. ಬೆಕ್ಕು ಉಣ್ಣುವ ತನಕ ತಾವೂ ಉಣ್ಣುವುದಿಲ್ಲ, ನೀರೂ ಕುಡಿಯುವುದಿಲ್ಲ ಎಂದರು. ನನಗೆ ರೇಗಿತು. ವಿಮಾನ ಇಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಬೆಕ್ಕೇನೋ ಇಳಿದೊಡನೆ ತಿನ್ನುತ್ತದೆ, ನಿಮಗೆ ಮಾತ್ರ ಮರುದಿನ ಬೆಳಗಿನ ತನಕ ಗತಿಯಿಲ್ಲ, ಈ ವಯಸ್ಸಿನಲ್ಲಿ ದಾರಿಯಲ್ಲೇ ಬಿದ್ದರೆ ಯಾರು ನೋಡುತ್ತಾರೆ ಎಂದು ಜೋರು ಮಾಡಿದೆ.

"ಅದಕ ಯಾಕ ಹಸದೇನಿ ಅಂತ ತಿಳಿಯೂದಿಲ್ಲ ಯವ್ವಾ," ಎಂದರು. "ತಿಳದಾಕಿ ಒಬ್ಬಾಕಿ ಅದರ ಸಂಗಾಟ ಹಸದ ಇರಲಿ."

ನಾನು ಉಪವಾಸದ ಹೆಣ್ಣಲ್ಲ. ಶಿವರಾತ್ರಿಯ ದಿನ ಸಾಬೂದಾಣಿ, ಶೇಂಗಾ, ಬಾಳೆಹಣ್ಣು ಎಂದು ದಿನವಿಡೀ ಬಾಯಾಡಿಸುವವಳು. ನಿನ್ನ ಉಪವಾಸಕ್ಕಿಂತ ಊಟವೇ ಅಗ್ಗ ಎಂದು ಯಜಮಾನರು ಇಂದಿಗೂ ಕಾಡಿಸುತ್ತಾರೆ. ಉಪ್ಪಿಟ್ಟನ್ನು ಮನೆಗೆ ತಂದು ನಾನೇ ತಿಂದೆ.

ಬಾಡಿಗೆ ಕಾರಿನಲ್ಲಿ ಪುಣೆಗೆ ಹೊರಟೆವು. ಗಡಿಯ ಕೊಗನೊಳ್ಳಿ ದಾಟುವಾಗ ಬೆಕ್ಕು ಒಮ್ಮೆ ಕೂಗಿತು. ಕಾಕು ಜಾಳಿಗೆಗೆ ಬೆರಳು ಹಚ್ಚಿದರು, ಸುಮ್ಮನಾಯಿತು. ವಿಮಾನ ನಿಲ್ದಾಣದ ಬಾಗಿಲಲ್ಲೇ ನನ್ನನ್ನು ತಡೆದರು. ಗಾಜಿನಾಚೆ ಕಾಕು ಚೀಲವನ್ನು ತೂಕಕ್ಕಿಟ್ಟು, ಶಾಲೆಯ ಮಗುವಿನಂತೆ ನೆಟ್ಟಗೆ ನಿಂತಿದ್ದು ಕಾಣಿಸಿತು. ಆಮೇಲೆ ಇತ್ತ ತಿರುಗಿ ಕೈಯೆತ್ತಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ...

ಒಳಗೆ ನಡೆದದ್ದನ್ನು ಮರುದಿನ ಫೋನಿನಲ್ಲಿ ಹೇಳಿದರು. ತಪಾಸಣೆಯಲ್ಲಿ ಚೀಲವನ್ನು ಮಾತ್ರ ಯಂತ್ರದೊಳಗೆ ಬಿಡುತ್ತಾರೆ, ಬೆಕ್ಕನ್ನು ಕೈಯಲ್ಲಿ ಎತ್ತಿಕೊಂಡು ಹೋಗಬೇಕು. ಹಗ್ಗವಿಲ್ಲದ ಬೆಕ್ಕನ್ನು ಕಂಡು ಅಲ್ಲಿದ್ದ ಹೆಣ್ಣು ಪೊಲೀಸು, ಓಡಿಹೋದರೆ ಏನು ಗತಿ ಎಂದು ಗಾಬರಿಯಾದಳಂತೆ. ಮೂರೇ ಕಾಲಿದೆ, ಎಲ್ಲಿಗೆ ಓಡುತ್ತದೆ ಎಂದು ಕಾಕು ತಮಗೆ ಬಂದ ಹಿಂದಿಯಲ್ಲಿ ಹೇಳಿದರಂತೆ. ಅದು ಕೂಸಿನಂತೆ ಅವರ ಹೆಗಲಿಗೆ ಒರಗಿತ್ತಂತೆ. ದೆಹಲಿಯ ಮನೆ ಸೇರಿದೊಡನೆ ತಂಗಿಯ ಮಂಚದ ಪಕ್ಕದಲ್ಲಿ ತುಪ್ಪ ರೊಟ್ಟಿ ತಿಂದಿತು. ಕಾಕು ಉಂಡದ್ದು ಬೆಳಗಾದ ಮೇಲೆ.

ಅಲ್ಲಿ ಅವರು ಕೆಲವು ವರ್ಷ ಇದ್ದರು. ತಂಗಿ ಕೋಲು ಹಿಡಿದು ನಡೆಯುವಷ್ಟಾದಳು. ಚಟ್ನಿ ಮುಗಿಯಿತೇ, ಮಳೆ ಆಯಿತೇ, ನಿಮ್ಮ ಅಕ್ಕೋಳದ ಕಬ್ಬು ಹೋಯಿತೇ ಎಂದು ವಾರಕ್ಕೊಮ್ಮೆಯಾದರೂ ಫೋನು ಬರುತ್ತಿತ್ತು. ಒಂದು ಚಳಿಗಾಲ ಜ್ವರ ಬಂದು ಎದೆಗೆ ಇಳಿದು, ನೋಡನೋಡುತ್ತಲೇ ಹೋಗಿಬಿಟ್ಟರು. ನನಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಗಿ ಫೋನಿನಲ್ಲಿ ಅಳುತ್ತಾ ಇನ್ನೊಂದು ಮಾತು ಹೇಳಿದಳು. ಬೆಕ್ಕು ಏನನ್ನೂ ಮುಟ್ಟುತ್ತಿಲ್ಲ, ನಿಮ್ಮ ಊರಿನ ಗಾಳಿಗಾದರೂ ಬದುಕೀತೇನೋ.

ನಮ್ಮ ಕಡೆಯವರೊಬ್ಬರು ಅಲ್ಲಿಂದ ಬರುವವರಿದ್ದರು. ಅವರೇ ಮತ್ತೆ ಸರ್ಟಿಫಿಕೇಟು ಮಾಡಿಸಿ, ಇದೇ ಚೀಲದಲ್ಲಿ, ಅದೇ ಪುಣೆಯ ದಾರಿಯಲ್ಲಿ ತಂದು ನನ್ನ ಪಡಸಾಲೆಯಲ್ಲಿಟ್ಟು ಹೋದರು. ನಾನು ಜಿಪ್ಪನ್ನು ಪೂರಾ ತೆರೆದೆ. ಅದು ಹೊರಗೆ ಬರಲಿಲ್ಲ. ಸೀರೆಯ ತುಂಡಿನೊಳಗೆ ಮುಖ ಹುದುಗಿಸಿ ಮಲಗಿತ್ತು. ಹಾಲಿಟ್ಟೆ. ರೊಟ್ಟಿಗೆ ತುಪ್ಪ ಸವರಿಟ್ಟೆ. ಅದು ತಲೆಯೆತ್ತಲಿಲ್ಲ.

ಊಟದ ಹೊತ್ತಾಯಿತು. ತಟ್ಟೆಗೆ ಬಡಿಸಿಕೊಂಡು ಕೂತೆ, ತುತ್ತು ಮುರಿದೆ, ಬಾಯಿಗಿಡಲು ಆಗಲಿಲ್ಲ. ತಟ್ಟೆ ಸರಿಸಿ ಚೀಲದ ಪಕ್ಕ ನೆಲದ ಮೇಲೆ ಕೂತೆ. ಯಜಮಾನರು ಏನೋ ಕಾಡಿಸಲು ಬಾಯಿ ತೆರೆದವರು ನನ್ನನ್ನು ನೋಡಿ, ತಟ್ಟೆ ಮುಚ್ಚಿಟ್ಟು ಹೋದರು. ವ್ರತ ಗಿತ ನನಗೆ ಗೊತ್ತಿಲ್ಲ. ಅದು ಹಸಿದಿತ್ತು, ಕಾಕು ಇರಲಿಲ್ಲ. ಅವರ ಜಾಗದಲ್ಲಿ ಯಾರಾದರೂ ಕೂರಬೇಕಿತ್ತು, ಅಷ್ಟೇ.

ಮರುದಿನ ಹೊತ್ತೇರಿದ ಮೇಲೆ ಬೆರಳಿಗೆ ತುಪ್ಪ ಹಚ್ಚಿಕೊಂಡು ಚೀಲದ ಬಾಯಿಯ ಹತ್ತಿರ ಹಿಡಿದೆ. ಬಹಳ ಹೊತ್ತಿನ ಮೇಲೆ ಅದು ಕತ್ತು ಚಾಚಿತು. ಒರಟು ನಾಲಿಗೆ ಬೆರಳಿಗೆ ತಾಕಿದಾಗ ನಾನು ಬಿಕ್ಕಿ ಬಿಕ್ಕಿ ಅತ್ತೆ. ಕಾಕು ಹೋದ ಸುದ್ದಿ ಬಂದ ದಿನವೂ ಅಷ್ಟು ಅತ್ತಿರಲಿಲ್ಲ. ಆಮೇಲೆ ಎದ್ದು ನಾನೂ ಒಂದು ರೊಟ್ಟಿ ತಿಂದೆ.

ಬೆಕ್ಕು ನನ್ನ ಸಂಗಡ ಮುದಿಯಾಗಿ ಬದುಕಿತು. ಕಳೆದ ದೀಪಾವಳಿಯ ನಂತರ ಅದೂ ಹೋಯಿತು. ಕೊನೆಯ ಹೊತ್ತಿನಲ್ಲಿ ಅದರ ಕಿವಿಯ ಹತ್ತಿರ ಬಗ್ಗಿ, ನೆನಪಿದ್ದಷ್ಟು ಣಮೋಕಾರ ಹೇಳಿದೆ. ತಪ್ಪಿದ ಕಡೆ ಕಾಕು ಮನ್ನಿಸಿಯಾರು. ಅಕ್ಕೋಳದಲ್ಲಿ ನಮ್ಮ ತಂದೆಯವರ ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು.

ನಿನ್ನೆ ಸಂಜೆ ಹೊಸ ಟೀಚರು ಚೀಲ ಒಯ್ಯಲು ಬಂದಿದ್ದಳು. ಕೊಡುವ ಮೊದಲು ಸೀರೆಯ ತುಂಡನ್ನು ತೆಗೆದು ನನ್ನ ಕಪಾಟಿನಲ್ಲಿಟ್ಟುಕೊಂಡಿದ್ದೆ. ನಿನ್ನದೇ ಹಳೆಯ ಸೀರೆ ಹಾಸು, ಬಾಯಿ ತೆರೆದಿಡು, ನೂಕಬೇಡ ಎಂದು ಹೇಳಿದೆ. ತೂಕ, ಸರ್ಟಿಫಿಕೇಟು, ತಪಾಸಣೆ ಎಲ್ಲವನ್ನೂ ಕಾಕು ಹೇಗೆ ನಿಭಾಯಿಸಿದರೆಂದು ವಿವರಿಸಿದೆ. ಹೊಸ್ತಿಲು ದಾಟಿದವಳು ತಿರುಗಿ ನಿಂತಳು.

"ಅವತ್ತ ಬೆಕ್ಕಿಗೆ ಮುಂಜಾನಿಂದ ಏನೂ ಹಾಕಬಾರದಂತಲ್ರಿ ಬಾಯಾರ. ಅದು ಒದರಾಕತ್ತರ ಏನ ಮಾಡೂದು? ನಿಮ್ಮ ಕಾಕು ಏನ ಮಾಡಿದ್ರು?"

"ಅವರೂ ಉಣ್ಣಲಿಲ್ಲ," ಎಂದೆ.