ಪರೀಕ್ಷೆಯ ದಿನದ ಹರಳೆಣ್ಣೆ

ಮಾರ್ಚ್ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಆರೂವರೆಗೆ ಬರೆಯಲು ಕೂತಿದ್ದೇನೆ. ಮೊಮ್ಮಕ್ಕಳು ಇನ್ನೂ ಎದ್ದಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆ ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿತ್ತು. ಅಪ್ಪ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ, "ಹೊರಕಡೆ ಆಯ್ತಾ?" ಎಂದು ಮಕ್ಕಳಾದ ನಮ್ಮನ್ನು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದ. ಇಲ್ಲ ಎಂದವರಿಗೆ ರೊಟ್ಟಿ ಸಿಗುತ್ತಿರಲಿಲ್ಲ, ಹರಳೆಣ್ಣೆ ಸಿಗುತ್ತಿತ್ತು. ಹಿತ್ತಲಿನ ಹರಳನ್ನು ಹುರಿದು, ಕುಟ್ಟಿ, ಕುದಿಸಿ ಅವ್ವ ತೆಗೆದ ಎಣ್ಣೆ. ಮಂದವಾಗಿ ಗಂಟಲಲ್ಲೇ ನಿಂತುಬಿಡುತ್ತಿತ್ತು. ಉಗಿದರೆ ಮತ್ತೆ ಅಷ್ಟೇ ಕುಡಿಸುತ್ತಿದ್ದ.

ಅಕ್ಕ ಆಗ ಹತ್ತನೇ ಕ್ಲಾಸು. ಪಾಸಾದರೆ ಕಡೂರಿನಲ್ಲಿ ಓದು, ಇಲ್ಲದಿದ್ದರೆ ಮದುವೆ ಎಂದು ಅಪ್ಪ ಹೇಳಿಬಿಟ್ಟಿದ್ದ. ಅವಳ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೊರಕಡೆಗೆ ಹೋಗಲು ಜಾಗವಿರಲಿಲ್ಲ. ಹಳ್ಳಿಯಲ್ಲಿ ಕತ್ತಲಾದ ಮೇಲೆ ಹೊಲಕ್ಕೆ ಹೋಗಬೇಕಿತ್ತು. ಹಾಗಾಗಿ ಅವಳು ಹಗಲೆಲ್ಲ ನೀರೇ ಕುಡಿಯುತ್ತಿರಲಿಲ್ಲ. ಅವ್ವ ಕೊಟ್ಟ ಮಜ್ಜಿಗೆಯನ್ನು ಕರುವಿನ ಬಾನಿಗೆ ಸುರಿಯುತ್ತಿದ್ದಳು. ಹೊಟ್ಟೆ ಕಲ್ಲಾಗಿತ್ತು.

ತರೀಕೆರೆಯಲ್ಲಿ ಗಣಿತದ ಪರೀಕ್ಷೆ ಇದ್ದ ಬೆಳಿಗ್ಗೆಯೂ ಅಪ್ಪ ಕೇಳಿದ. ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಪರೀಕ್ಷೆ ಮುಗಿಸ್ಕಂಡು ಬಂದು ಕುಡೀತೀನಿ ಕಣಪ್ಪಾ" ಎಂದು ಬೇಡಿಕೊಂಡಳು.

"ಹೊಟ್ಟೆ ಕಟ್ಕಂಡು ಲೆಕ್ಕ ಹೆಂಗೆ ಮಾಡ್ತೀಯೇ? ಬಸ್ ಬರೋದ್ರೊಳಗೆ ಆಗ್ತದೆ. ಕುಡಿ."

ಮೂಗು ಹಿಡಿದು ಕುಡಿಸಿದ. ಬಸ್ಸು ಬಂತು. ಆಗಿರಲಿಲ್ಲ. ತರೀಕೆರೆ ಮುಟ್ಟಿದಾಗಲೂ ಆಗಿರಲಿಲ್ಲ.

ಅಪ್ಪ, ನಾನು ಶಾಲೆಯ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಿಂತೆವು. ಬೇರೆ ಮಕ್ಕಳ ಅಪ್ಪಂದಿರೂ ಅಲ್ಲೇ ಬೀಡಿ ಸೇದುತ್ತಿದ್ದರು. ಪರೀಕ್ಷೆ ಶುರುವಾಗಿ ಸ್ವಲ್ಪ ಹೊತ್ತಿಗೆ ಅಕ್ಕ ಕೋಣೆಯ ಬಾಗಿಲಿಗೆ ಬಂದಳು. ಕಾವಲಿಗಿದ್ದ ಮೇಷ್ಟ್ರು ಏನೋ ಹೇಳಿದರು. ಒಳಗಿದ್ದವರು ನಕ್ಕರು. ಅಕ್ಕ ಹೊಟ್ಟೆ ಹಿಡಿದುಕೊಂಡು ಕಟ್ಟಡದ ಹಿಂದಕ್ಕೆ ಓಡಿದಳು. ನಲ್ಲಿಯಲ್ಲಿ ಲಂಗ ತೊಳೆದುಕೊಂಡು ವಾಪಸು ಬಂದಾಗ, ಹೊರಗೆ ಹೋದವರನ್ನು ಮತ್ತೆ ಒಳಗೆ ಬಿಡುವುದಿಲ್ಲ ಎಂದು ಮೇಷ್ಟ್ರು ಬಾಗಿಲು ಹಾಕಿಕೊಂಡರು.

"ನಿಮ್ಮುಡುಗಿ ಎಲ್ರಿಗಿಂತ ಮೊದ್ಲೇ ಮುಗಿಸ್ಬಿಟ್ಲು ಕಣ್ರೀ" ಎಂದ ಬೀಡಿಯವರಲ್ಲೊಬ್ಬ.

ಅಪ್ಪ ಅವರ ಜೊತೆ ಸೇರಿಕೊಂಡು ನಕ್ಕ. ಮೇಷ್ಟ್ರ ಹತ್ತಿರ ಹೋಗಿ ಒಂದು ಮಾತೂ ಕೇಳಲಿಲ್ಲ. ಅಕ್ಕ ಹತ್ತಿರ ಬಂದಾಗ ಮಾತ್ರ ಹಲ್ಲು ಕಚ್ಚಿ, "ಒಂದು ಗಳಿಗೆ ತಡ್ಕಳಕ್ಕಾಗ್ಲಿಲ್ವೇನೇ ನಿಂಗೆ?" ಎಂದ.

ವಾಪಸು ಬರುವಾಗ ಬಸ್ಸು ಅರ್ಧ ಖಾಲಿಯಿತ್ತು. ಅಕ್ಕ ಅಜ್ಜಂಪುರದವರೆಗೂ ನಿಂತೇ ಬಂದಳು. ಊರಿಗೆ ನಮಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಬಾವಿಕಟ್ಟೆಯಲ್ಲಿ ಹೆಂಗಸರು ಅವಳಿಗೆ ದಾರಿ ಬಿಡುತ್ತಾ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ಬೇಸಿಗೆಯಲ್ಲೇ ಮದುವೆಯಾಯಿತು. ಗಂಡನ ಮನೆಯವರಿಗೂ ಕತೆ ಗೊತ್ತಿತ್ತು. ಅವರೂ ಆಡಿಕೊಳ್ಳುವುದನ್ನು ಬಿಡಲಿಲ್ಲ.

ನನ್ನ ಮೊಮ್ಮಕ್ಕಳ ಮನೆಯೊಳಗೇ ಪಾಯಿಖಾನೆ ಇದೆ. ಮೂವರಿಗೂ ಹರಳೆಣ್ಣೆಯ ರುಚಿ ಗೊತ್ತಿಲ್ಲ. ಬೆಳಿಗ್ಗೆ ಎದ್ದು ನೀರು ಕುಡಿಯಿರಿ, ಮುದ್ದೆ ಸೊಪ್ಪು ತಿನ್ನಿ, ಬಂದಾಗ ತಡೆಯಬೇಡಿ ಎಂದು ನಾನು ಹೇಳುವುದು ಮೆಲ್ಲಗೆ, ಒಬ್ಬೊಬ್ಬರ ಕಿವಿಯಲ್ಲಿ. ಹುಡುಗರಿಬ್ಬರೂ ಹೇಳಿದ ಹಾಗೆ ಮಾಡುತ್ತಾರೆ. ಮೊಮ್ಮಗಳ ನೀರಿನ ಬಾಟಲಿ ಮಾತ್ರ ಶಾಲೆಯಿಂದ ತುಂಬಿದ ಹಾಗೇ ವಾಪಸು ಬರುತ್ತದೆ. ಯಾಕಮ್ಮ ಎಂದು ನಿನ್ನೆ ಕೇಳಿದೆ.

"ಅಲ್ಲಿ ಬಾಗಿಲಿಗೆ ಚಿಲಕ ಇಲ್ಲ ಕಣಜ್ಜಾ" ಎಂದಳು.

ನಾಳೆ ಅವಳ ಶಾಲೆಗೆ ಹೋಗುತ್ತಿದ್ದೇನೆ. ಇದನ್ನು ಓದುತ್ತಿರುವ ಮಕ್ಕಳೇ, ನಿಮ್ಮ ಶಾಲೆಯ ಪಾಯಿಖಾನೆಗೆ ಚಿಲಕ ಇದೆಯೇ, ನೀರು ಬರುತ್ತದೆಯೇ? ನೋಡಿದವರು ನನಗೆ ಬರೆಯಿರಿ.