ಮೊದಲ ಸಾಲಿನ ಹೆಸರು

"ಎಂತ ಗೊತ್ತಾಗ್ಬೇಕಾದ್ರೂ ವಾಣಕ್ಕನ ಹತ್ರ ಹೋಗಿ. ಯಲ್ಲಾಪುರ ಪೂರಾ ಅವಳ ಕಂಪ್ಯೂಟರ್ ಡಬ್ಬಿಯೊಳಗೇ ಅದೆ" ಎಂದು ನಮ್ಮ ಕೇರಿಯವರು ಹೇಳುತ್ತಿದ್ದರು. ಎದುರುಮನೆಯ ಗಿರಿಜವ್ವ ಮಾತ್ರ, "ಅಷ್ಟೆಲ್ಲಾ ಮಂದಿ ಅದಾರಂತ ಅದ್ರಾಗ, ನಿಂಗೊಬ್ಬ ಗಂಡ ಸಿಗಲಿಲ್ಲ ನೋಡವ್ವಾ!" ಎಂದು ಕಾಡುತ್ತಿದ್ದಳು. ವಾಣಕ್ಕ, ಅಂದರೆ ಶ್ರೀವಾಣಿ, ನಕ್ಕುಬಿಡುತ್ತಿದ್ದಳು.

ದೊಡ್ಮನೆ ಎಂಬ ಹಳ್ಳಿಯಿಂದ ಬಂದು, ಬಾಡಿಗೆ ಮನೆಯ ಜಗಲಿಯಲ್ಲೇ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದವಳು ಅವಳು. 2008ರಲ್ಲಿ ರಕ್ತ ಕೊಡುವವರ ಹೆಸರು ಸೇರಿಸಿ ಒಂದು ವೆಬ್‌ಸೈಟ್ ಮಾಡಿದಳು. ಪುಸ್ತಕ ಮುಂದಿಟ್ಟುಕೊಂಡು ತಾನೇ ಕಲಿತದ್ದು. ಪಟ್ಟಿಯಿಂದ ಹೆಸರು ಹುಡುಕಿಕೊಡಲು ಆ ಪುಸ್ತಕದಲ್ಲಿ ಡೇಟಾಬೇಸ್ ಕ್ಲಾಸ್ ಎಂಬ ಸಿದ್ಧ ಕೋಡೊಂದಿತ್ತು. ಒಂದು ಬಗೆಯಲ್ಲಿ ಕೇಳಿದರೆ ಹೊಂದುವ ಹೆಸರಿನ ಸಾಲುಗಳೆಲ್ಲ ಬರುತ್ತವೆ. ಇನ್ನೊಂದು ಬಗೆಯಲ್ಲಿ ಕೇಳಿದರೆ ಮೊದಲ ಸಾಲಷ್ಟೇ ಒಂದು ಆಬ್ಜೆಕ್ಟಾಗಿ, ಅಂದರೆ ಒಂದೇ ಗಂಟಾಗಿ, ಕೈಗೆ ಬರುತ್ತದೆ. ಶ್ರೀವಾಣಿ ಎರಡನೆಯದನ್ನು ಬರೆದಳು. ಅವಳ ಊರಲ್ಲಿ ಮದುವೆಗೋ ಮುಂಜಿಗೋ ಕರೆಯಲು ಹೋದವರು ಯಜಮಾನನಿಗೆ ಹೇಳಿದರೆ ಇಡೀ ಮನೆಗೆ ಹೇಳಿದಂತೆ. ಇಲ್ಲೂ ಮೊದಲನೆಯವನ ಹಿಂದೆ ಉಳಿದವರು ಇದ್ದೇ ಇರುತ್ತಾರೆ ಎಂದುಕೊಂಡಳು. ಆಗ ರಕ್ತದ ಒಂದೊಂದು ಗುಂಪಿಗೆ ಒಬ್ಬೊಬ್ಬರದೇ ಹೆಸರಿತ್ತು. ಪರೀಕ್ಷಿಸಿದಾಗ ಎಲ್ಲ ಸರಿಯಾಗಿಯೇ ಕಂಡಿತು.

ಮರುವರ್ಷ ಗಿರಿಜವ್ವನ ಮಗಳು ಗೀತಾಳ ಹೆರಿಗೆ. ಓ ನೆಗೆಟಿವ್ ರಕ್ತ ಬೇಕೆಂದು ಗಿರಿಜವ್ವ ಆಸ್ಪತ್ರೆಯಿಂದ ಓಡಿಬಂದಳು. ಶ್ರೀವಾಣಿ ಹುಡುಕಿದಳು. ಒಂದೇ ಹೆಸರು ಬಂತು, ನಂದೊಳ್ಳಿಯ ಮಾಸ್ತರರದು. ಅವರು ಊರಲ್ಲಿರಲಿಲ್ಲ.

"ಬೇರೆ ಯಾರೂ ಇಲ್ಲ, ಗಿರಿಜವ್ವ."

ಹುಬ್ಬಳ್ಳಿಗೆ ಕರೆದೊಯ್ಯುವ ದಾರಿಯಲ್ಲಿ ಗೀತಾ ತೀರಿಕೊಂಡಳು. ಕೂಸು ಉಳಿಯಿತು.

ಹತ್ತು ದಿನ ಕಳೆದ ಮೇಲೆ ಮಾಗೋಡಿನ ಹೊನ್ನ ಬಂದು ಜಗಲಿಯಲ್ಲಿ ಕೂತ. "ವಾಣಕ್ಕ, ನಂದೂ ಅದೇ ರಕ್ತ. ನೀವೇ ಬರ್ಕೊಂಡಿದ್ರಿ. ನಾ ಆವತ್ತು ಇಲ್ಲೇ ಬಸ್‌ಸ್ಟ್ಯಾಂಡಲ್ಲಿದ್ದೆ. ನನ್ನ ಕರೀಲೇ ಇಲ್ವಲ್ರಾ."

ಪಟ್ಟಿ ತೆರೆದು ನೋಡಿದಳು. ಈಗ ಆ ಗುಂಪಿನವರು ಐದು ಜನ. ಹೊನ್ನ ಎರಡನೆಯವನು. ಸೈಟು ಮೊದಲನೆಯವರಾದ ಮಾಸ್ತರರನ್ನಷ್ಟೇ ತೋರಿಸಿತ್ತು.

ಎದುರುಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಗಿರಿಜವ್ವ ಬೈಯಲಿಲ್ಲ. ಬೈದಿದ್ದರೆ ಶ್ರೀವಾಣಿ ನಮ್ಮ ಕೇರಿಯಲ್ಲೇ ಉಳಿಯುತ್ತಿದ್ದಳೋ ಏನೋ. ಅಂದಿನಿಂದ ಕ್ಲಾಸು ನಿಂತಿತು. ಕೋಡಿನ ಆ ಒಂದು ಸಾಲನ್ನು ತಿದ್ದಿ, ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಫೋನು ಮಾಡಿ ನೋಡಿ, ಸೈಟನ್ನು ಶಿಷ್ಯೆಯೊಬ್ಬಳಿಗೆ ಒಪ್ಪಿಸಿದಳು.

ಅವಳು ಕೇರಿ ಬಿಟ್ಟು ಹೊರಟ ಬೆಳಿಗ್ಗೆ ಗಿರಿಜವ್ವ ಮೊಮ್ಮಗಳನ್ನು ಎತ್ತಿಕೊಂಡು ಮೆಟ್ಟಿಲ ಬಳಿ ನಿಂತಿದ್ದಳು.

"ಈಗರೆ ಎಲ್ಲಾರ್ನೂ ತೋರಸ್ತದೇನವ್ವಾ ಅದು?"

"ತೋರಿಸ್ತದೆ, ಗಿರಿಜವ್ವ. ಐದೂ ಜನರನ್ನ."

ಗಿರಿಜವ್ವ ತಲೆಯಾಡಿಸಿದಳು. ಶ್ರೀವಾಣಿ ಕೂಸಿನ ಪಾದವನ್ನೊಮ್ಮೆ ಮುಟ್ಟಿ, ಚೀಲವೆತ್ತಿಕೊಂಡು ಮೆಟ್ಟಿಲಿಳಿದಳು.